ಗುಂಡು ಬಿದ್ದುದೆಲ್ಲಿ?

ಹೊಡೆಯುವುದು ಒಂದು ವಿದ್ಯೆ. ಹೊಡೆದುದು ಎಲ್ಲಿ ಬಿತ್ತೆಂದು ನೋಡಿ ಹೇಳುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ದೊರೆತಷ್ಟು ಕೀರ್ತಿ ಎರಡನೆಯದಕ್ಕೆ ದೊರೆತಿಲ್ಲ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಂದಿನಿ ಲೇಔಟಿನ ಕಡೆಗೆ ಹೋದವರಿಗೆ ಹೊರವರ್ತುಲ ರಸ್ತೆಯ ಬದಿಯಲ್ಲಿ ಶ್ರೀ ಕಂಠೀರವ ಸ್ಟುಡಿಯೋ ಕಾಣಿಸುತ್ತದೆ. ವರನಟ ಡಾ. ರಾಜಕುಮಾರರು 2006ರಲ್ಲಿ ನಿಧನರಾದಾಗ ಅವರ ಸಮಾಧಿಯಾದುದು ಇದರ ಆವರಣದಲ್ಲಿಯೇ. ಅಲ್ಲಿಗೆ ಬರುವ ಅಭಿಮಾನಿಗಳ ಸಾಲು ಇಂದಿಗೂ ಕಡಿದಿಲ್ಲ. ಅವರಲ್ಲಿ ಹಿರಿಯರಾದವರಿಗೆ 1968ರಲ್ಲಿ ತೆರೆಕಂಡ ‘ಜೇಡರ ಬಲೆ’ ನೆನಪಿರಲೇಬೇಕು. ಪತ್ತೇದಾರ ಸಿ.ಐ.ಡಿ. 999 ಪಿಸ್ತೂಲು ಹಿಡಿದು ಕನ್ನಡದ ಬೆಳ್ಳಿತೆರೆಗೆ ಬಂದ ಮೊದಲ ಚಿತ್ರವದು.

ಚಲನಚಿತ್ರಗಳಲ್ಲಿ ಹಾರುವ ಗುಂಡಿಗೆ ಒಂದು ವಿಶೇಷ ಗುಣವುಂಟು. ಅದು ಎಲ್ಲಿ ಬಿತ್ತೆಂಬುದು ಕಟ್ಟಕಡೆಯ ಸಾಲಿನಲ್ಲಿ ಕುಳಿತ ಪ್ರೇಕ್ಷಕನಿಗೂ ಕಾಣುತ್ತದೆ. ಗೋಡೆಯಿಂದ ಗಾರೆ ಸಿಡಿಯುತ್ತದೆ. ಕಬ್ಬಿಣದ ಪೀಪಾಯಿಯಿಂದ ಕಿಡಿ ಹಾರುತ್ತದೆ. ನೆಲದಲ್ಲಿ ಸಾಲಾಗಿ ಧೂಳು ಚಿಮ್ಮುತ್ತದೆ. ಆದರೆ ಇದಾವುದೂ ಗುಂಡಿನ ಕೆಲಸವಲ್ಲ. ಮೊದಲೇ ಅಡಗಿಸಿಟ್ಟ ಪುಟ್ಟ ಸಿಡಿಮದ್ದಿಗೆ ವಿದ್ಯುತ್ ತಂತಿಯ ಮೂಲಕ ಬೆಂಕಿ ಮುಟ್ಟಿಸಿ, ಏಟು ತಗುಲಿದಂತೆ ತೋರಿಸುವ ಕೈಚಳಕವದು. ಪ್ರೇಕ್ಷಕನ ಕಣ್ಣಿಗೆ ಕಾಣದ ಏಟಿನಿಂದ ಚಿತ್ರಕ್ಕೆ ಪ್ರಯೋಜನವಿಲ್ಲವೆಂಬುದು ನಿರ್ದೇಶಕನಿಗೆ ಗೊತ್ತು.

ನಿಜವಾದ ಕೋವಿಯ ನಿಜವಾದ ಗುಂಡು ಇಷ್ಟು ಉದಾರಿಯಲ್ಲ. ಅದು ಕಣ್ಣಿಗೆ ಕಾಣದಂತೆ ಹೋಗುತ್ತದೆ. ಬಹುಮಟ್ಟಿಗೆ ಕಣ್ಣಿಗೆ ಕಾಣದಂತೆಯೇ ಬೀಳುತ್ತದೆ. ದೂರದ ಗುರಿಗೆ ಹೊಡೆಯುವವರ ಪಾಲಿಗೆ ನಿಜವಾದ ತೊಡಕು ಆರಂಭವಾಗುವುದು ಇಲ್ಲಿಂದಲೇ. ಬಿದ್ದ ಜಾಗ ತಿಳಿಯದಿದ್ದರೆ ಮುಂದಿನ ಗುಂಡನ್ನು ಎತ್ತ ತಿರುಗಿಸುವುದು?

ಕಣ್ಣಿಗೊಂದು ಎಲ್ಲೆ

ನಂದಿನಿ ಲೇಔಟಿನ ಒಂದು ಮನೆಯ ತಾರಸಿಯ ಮೇಲೆ ನಿಂತು, ಸುಮಾರು ಒಂಬೈನೂರು ಮೀಟರ್ ದೂರದ ಇನ್ನೊಂದು ತಾರಸಿಯನ್ನು ನೋಡುತ್ತಿದ್ದೇವೆಂದು ಭಾವಿಸೋಣ. ಹಳೆಯ ಲೆಕ್ಕದಲ್ಲಿ ಇದು ಹತ್ತಿರಹತ್ತಿರ ಸಾವಿರ ಗಜ. ಅಲ್ಲಿ ಯಾರೋ ಬಟ್ಟೆ ಒಣಹಾಕುತ್ತಿರುವುದು ಕಂಡೀತು. ಸೀರೆಯ ಬಣ್ಣವನ್ನೂ ಹೇಳಬಹುದೇನೋ. ಆದರೆ ಆ ಸೀರೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಇದೆಯೇ ಎಂದು ಕೇಳಿದರೆ ಉತ್ತರವೇನು?

ಆರೋಗ್ಯವಂತವಾದ ಮನುಷ್ಯನ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. ಒಂಬೈನೂರು ಮೀಟರ್ ದೂರದಲ್ಲಿ ಅದು ಸುಮಾರು 26 ಸೆಂಟಿಮೀಟರ್, ಎಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಅದಕ್ಕಿಂತ ಚಿಕ್ಕದಾದ ವಿವರವೆಲ್ಲ ಬರಿಗಣ್ಣಿಗೆ ಕಲಸಿಹೋಗುತ್ತದೆ. ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನನ್ನು ಕಣ್ಣಿಗಿಟ್ಟರೆ ಈ ಎಲ್ಲೆ ಒಂದೂಕಾಲು ಸೆಂಟಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ದೂರದ ಗುರಿಗೆ ಬಳಸುವ ರೈಫಲಿನ ಗುಂಡಿನ ದಪ್ಪವಾದರೋ ಸಾಮಾನ್ಯವಾಗಿ 7.62 ಮಿಲಿಮೀಟರ್. ಉಕ್ಕಿನ ಮೇಲೆ ಅದು ಚಪ್ಪಟೆಯಾಗಿ ಸಿಡಿದು ಉಳಿಸುವ ಕಲೆ ಒಂದು ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಹೀಗಾಗಿ ಒಳ್ಳೆಯ ದುರ್ಬೀನಿದ್ದರೂ, ಗಾಳಿ ನಿರ್ಮಲವಾಗಿದ್ದರೂ, ಕಾಣುವುದು ಕಾಣದಿರುವುದು ಅಂಚಿನ ಮೇಲಿನ ಮಾತು.

ಗಾಳಿ ನಿರ್ಮಲವಾಗಿರುವುದಾದರೂ ಎಷ್ಟು ಹೊತ್ತು? ಬಿಸಿಲೇರುತ್ತಲೇ ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ. ದುರ್ಬೀನಿನಲ್ಲಿ ನೋಡಿದರೆ ಗುರಿಯೇ ನೀರಿನೊಳಗೆ ಅದ್ದಿದಂತೆ ಅಲುಗಾಡುತ್ತದೆ. ನಮ್ಮವರು ಬಿಸಿಲುಗುದುರೆ ಎಂದು ಕರೆದ ಮಾಯೆಯ ಬಂಧುವೇ ಇದು. ಹೆಚ್ಚು ದೊಡ್ಡದಾಗಿ ತೋರಿಸುವ ದುರ್ಬೀನು ಗುರಿಯನ್ನು ಮಾತ್ರವಲ್ಲ, ಈ ಅಲುಗಾಟವನ್ನೂ ಅಷ್ಟೇ ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಆದುದರಿಂದ ಅನುಭವಿಗಳು ಮಧ್ಯಾಹ್ನದ ಹೊತ್ತು ದುರ್ಬೀನಿನ ಶಕ್ತಿಯನ್ನು ತಗ್ಗಿಸಿಯೇ ನೋಡುವುದು.

ಒಂದೂವರೆ ಸೆಕೆಂಡಿನ ಪ್ರಯಾಣ

ಹನ್ನೊಂದು ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿ ನಳಿಗೆಯನ್ನು ಬಿಟ್ಟಿತೆನ್ನಿ. ಒಂಬೈನೂರು ಮೀಟರ್ ಕ್ರಮಿಸಲು ಅದಕ್ಕೆ ಒಂದೂವರೆ ಸೆಕೆಂಡಿಗೂ ಸ್ವಲ್ಪ ಹೆಚ್ಚು ಕಾಲ ಬೇಕು. ಈ ಅವಧಿಯಲ್ಲಿ ಭೂಮಿಯ ಸೆಳೆತಕ್ಕೆ ಅದು ಹತ್ತು ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಅದಕ್ಕಾಗಿಯೇ ನಳಿಗೆಯನ್ನು ಮೇಲೆತ್ತಿ ಹೊಡೆಯಬೇಕು. ಹೀಗೆ ಹೊಡೆದ ಗುಂಡು ನಡುದಾರಿಯಲ್ಲಿ ನೋಟದ ಗೆರೆಗಿಂತ ಮೂರು ಮೀಟರಿಗೂ ಹೆಚ್ಚು ಎತ್ತರಕ್ಕೇರಿ, ಬಳಿಕ ಬಾಗಿ ಗುರಿಯತ್ತ ಇಳಿಯುತ್ತದೆ. ಗಂಟೆಗೆ ಹದಿನಾರು ಕಿಲೋಮೀಟರ್ ವೇಗದ ಅಡ್ಡಗಾಳಿ, ಎಂದರೆ ಮರದ ಎಲೆಗಳನ್ನೂ ಸಣ್ಣ ರೆಂಬೆಗಳನ್ನೂ ಅಲುಗಿಸುವಷ್ಟು ಗಾಳಿ, ಅದನ್ನು ಎರಡು ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ತಳ್ಳಬಲ್ಲದು. ಗುರಿಯ ಫಲಕ ಅರ್ಧ ಮೀಟರ್ ಅಗಲದ್ದಾಗಿದ್ದರೆ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನ ಗುಂಡು ಫಲಕದ ಹತ್ತಿರವೂ ಸುಳಿಯದು.

ಹೊಡೆದವನೇ ತನ್ನ ಏಟನ್ನು ಏಕೆ ನೋಡಬಾರದು ಎಂದು ಕೇಳಬಹುದು. ಕೋವಿಯ ಒದೆತವೇ ಅದಕ್ಕೆ ಅಡ್ಡಿ. ಕುದುರೆ ಎಳೆದ ಕ್ಷಣದಲ್ಲಿ ಹಿಡಿಯು ಹೆಗಲಿಗೆ ಗುದ್ದುತ್ತದೆ, ನಳಿಗೆ ಮೇಲಕ್ಕೆ ನೆಗೆಯುತ್ತದೆ, ಗುರಿಗನ್ನಡಿಯಲ್ಲಿ ಆಕಾಶವೋ ಮರದ ತುದಿಯೋ ಕಾಣುತ್ತದೆ. ಗುರಿ ಮುನ್ನೂರು ಮೀಟರ್ ದೂರದಲ್ಲಿದ್ದರೆ ಗುಂಡು ಅರ್ಧ ಸೆಕೆಂಡಿನೊಳಗೆ ತಲುಪಿಬಿಡುತ್ತದೆ. ಕಣ್ಣು ಗುರಿಗೆ ಮರಳುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ದೂರ ಹೆಚ್ಚಿದಂತೆ ಕಣ್ಣಿಗೆ ಸಮಯ ದೊರೆಯುತ್ತದೆ, ಆದರೆ ಕಲೆ ಚಿಕ್ಕದಾಗುತ್ತದೆ. ಹತ್ತಿರದ ಏಟಿಗೆ ಕಾಲವಿಲ್ಲ, ದೂರದ ಏಟಿಗೆ ಗಾತ್ರವಿಲ್ಲ. ಈ ಇಕ್ಕಟ್ಟಿನಿಂದ ಪಾರಾಗಲು ಈಡುಗಾರರು ಕೋವಿಯ ಹಿಂದೆ ಮೈಯನ್ನು ನೇರವಾಗಿ ಚಾಚಿ ಮಲಗುತ್ತಾರೆ. ಒದೆತ ಪಕ್ಕಕ್ಕೆ ಎಳೆಯದೆ ನೆಟ್ಟಗೆ ಹಿಂದಕ್ಕೆ ಬಂದರೆ ಗುರಿ ಮತ್ತೆ ಕಣ್ಣಿಗೆ ಬೇಗ ಸಿಕ್ಕುತ್ತದೆ. ನಳಿಗೆಯ ತುದಿಗೆ ಒದೆತ ತಗ್ಗಿಸುವ ಸಾಧನವನ್ನು ಜೋಡಿಸುವವರೂ ಉಂಟು. ಇಷ್ಟಾದರೂ ಪಕ್ಕದಲ್ಲಿ ಇನ್ನೊಬ್ಬ ನೋಟಗಾರನಿದ್ದರೆ ಮಾತ್ರ ಕೆಲಸ ನೆಟ್ಟಗಾಗುತ್ತದೆ.

ಕಬ್ಬಿಣದ ಗುರಿಯ ಹಳೆಯ ಕಥೆ

ಲೋಹದ ಗುರಿ ಇಂದು ನಿನ್ನೆಯದಲ್ಲ. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘ ಸ್ಥಾಪನೆಯಾದುದು 1859ರಲ್ಲಿ. ಮರುವರ್ಷ ವಿಂಬಲ್ಡನ್ ಬಯಲಿನಲ್ಲಿ ನಡೆದ ಅದರ ಮೊದಲ ಕೂಟವನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದಳು. ನಾನೂರು ಗಜ ದೂರಕ್ಕೆ ಗುರಿಯಿಟ್ಟು ಬಿಗಿಯಾಗಿ ಕೂರಿಸಿದ್ದ ವಿಟ್ವರ್ತ್ ರೈಫಲಿಗೆ ಕಟ್ಟಿದ್ದ ರೇಷ್ಮೆಯ ದಾರವನ್ನು ಆಕೆ ಎಳೆದಾಗ, ಗುಂಡು ಗುರಿಯ ನಡುಬಿಂದುವಿನಿಂದ ಒಂದೂಕಾಲು ಅಂಗುಲದಷ್ಟೇ ದೂರದಲ್ಲಿ ತಗುಲಿತು.

ಆ ಕಾಲದ ಗುರಿಗಳು ಸುಣ್ಣ ಬಳಿದ ಕಬ್ಬಿಣದ ಫಲಕಗಳಾಗಿದ್ದವು. ಸೀಸದ ಗುಂಡು ತಗುಲಿದರೆ ಬಿಳಿಯ ಮೇಲೆ ಬೂದುಬಣ್ಣದ ಕಲೆ ಉಳಿಯುತ್ತಿತ್ತು. ಗುರಿಗಳ ಸಮೀಪದಲ್ಲಿ ಕಬ್ಬಿಣದ ಗೂಡಿನಂಥ ಮರೆಯೊಳಗೆ ಗುರುತುಗಾರನೊಬ್ಬ ಅಡಗಿ ಕುಳಿತಿರುತ್ತಿದ್ದ. ಏಟಿನ ಸದ್ದು ಕೇಳಿ, ಕಲೆಯನ್ನು ನೋಡಿ, ಬಾವುಟದಿಂದಲೋ ಕೋಲಿನ ತುದಿಯ ಬಿಲ್ಲೆಯಿಂದಲೋ ಸನ್ನೆ ಮಾಡುವುದು ಅವನ ಕೆಲಸ. ಆ ಮೇಲೆ ಕಲೆಗೆ ಮತ್ತೆ ಸುಣ್ಣ. ಹೊಡೆಯುವವನ ಸೋಲು ಗೆಲುವು ಈ ಅಜ್ಞಾತ ಮನುಷ್ಯನ ಕಣ್ಣಿನ ಮೇಲೆ ನಿಂತಿತ್ತು.

ಇದರ ಮಹತ್ವವನ್ನು ಜಗತ್ತಿಗೆ ತೋರಿಸಿಕೊಟ್ಟುದು 1874ರ ಸೆಪ್ಟೆಂಬರ್ 26ರಂದು ಅಮೆರಿಕದ ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರ್ ಬಯಲಿನಲ್ಲಿ ನಡೆದ ಪಂದ್ಯ. ಐರ್ಲೆಂಡಿನ ಆರು ಮಂದಿ ಒಂದು ಕಡೆ, ಅಮೆರಿಕದ ಆರು ಮಂದಿ ಇನ್ನೊಂದು ಕಡೆ. 800, 900 ಮತ್ತು 1000 ಗಜ ದೂರದಲ್ಲಿ ಒಬ್ಬೊಬ್ಬನಿಗೆ ಹದಿನೈದು ಹದಿನೈದು ಗುಂಡು. ನಡುಗುರಿಗೆ ತಗುಲಿದರೆ ನಾಲ್ಕು ಅಂಕ. ಐರಿಷರ ಮಿಲ್ನರ್ ಎಂಬಾತ ಹಾರಿಸಿದ ಒಂದು ಗುಂಡು ಕಬ್ಬಿಣವನ್ನು ಠಣ್ಣೆನಿಸಿ ನಡುಗುರಿಗೇ ತಗುಲಿತು. ಆದರೆ ಅದು ಅವನ ಗುರಿಯಾಗಿರಲಿಲ್ಲ, ಪಕ್ಕದ ಗುರಿ! ಅಷ್ಟು ಸೊಗಸಾದ ಏಟಿಗೆ ದೊರೆತುದು ಸೊನ್ನೆ. ಕೊನೆಗೆ ಐರಿಷರ ಒಟ್ಟು ಅಂಕ 931. ಅಮೆರಿಕನ್ನರ ಕೊನೆಯ ಈಡುಗಾರ ಕರ್ನಲ್ ಬೋಡೈನ್ ಕೊನೆಯ ಗುಂಡನ್ನು ಹಾರಿಸಬೇಕಾದಾಗ ಅವರದು 930. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಶುಂಠಿಪಾನೀಯದ ಸೀಸೆಯೊಡೆದು ಅವನ ಕೈಗೆ ಗಾಯವಾಗಿತ್ತು. ಕೈಗೆ ವಸ್ತ್ರ ಸುತ್ತಿಕೊಂಡು ಅವನು ಹೊಡೆದ. ಸಾವಿರ ಗಜದಾಚೆ ಬಿಳಿಯ ಬಿಲ್ಲೆ ಮೇಲೆದ್ದಿತು, ನಡುಗುರಿ! 934ಕ್ಕೆ 931. ಮಿಲ್ನರನ ಆ ನಾಲ್ಕು ಅಂಕ ಲೆಕ್ಕಕ್ಕೆ ಬಂದಿದ್ದರೆ ಐರಿಷರು ಒಂದು ಅಂಕದಿಂದ ಗೆದ್ದಿರುತ್ತಿದ್ದರು.

ಕೊಡಗಿನ ತೆಂಗಿನಕಾಯಿ

ಏಟು ತಗುಲಿದೊಡನೆ ತಾನೇ ಸಾರಿ ಹೇಳುವ ಗುರಿಯೊಂದು ನಮ್ಮ ಕರ್ನಾಟಕದಲ್ಲಿಯೂ ಉಂಟು. ಅದನ್ನು ನೋಡಬೇಕಾದರೆ ಕೊಡಗಿಗೆ ಹೋಗಬೇಕು.

ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್ ಮುಹೂರ್ತ ಕೊಡವರಿಗೆ ಆಯುಧಪೂಜೆಯ ಹಬ್ಬ. ಬೇಸಾಯದ ಕಾಲದಲ್ಲಿ ತೆಗೆದಿರಿಸಿದ್ದ ಕೋವಿ ಕತ್ತಿಗಳನ್ನು ಹೊರತೆಗೆದು, ಕೋವಿಯ ನಳಿಗೆಗೆ ‘ತೋಕ್ ಪೂ’ ಎಂಬ ಬೆಂಕಿಬಣ್ಣದ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ‘ತೋಕ್’ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಪೂಜೆ, ಊಟಗಳು ಮುಗಿದ ಬಳಿಕ ಊರ ಬಯಲಿನಲ್ಲಿ ಪಂದ್ಯ. ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಯೇ ಗುರಿ. ಗಂಡಸರಂತೆ ಹೆಂಗಸರೂ ಇದರಲ್ಲಿ ಭಾಗವಹಿಸುವುದುಂಟು.

ಈ ಗುರಿಯನ್ನು ಆರಿಸಿದ ಹಿರಿಯರ ಜಾಣ್ಮೆಯನ್ನು ಮೆಚ್ಚಬೇಕು. ಕಾಗದದ ಗುರಿಯಾದರೆ ಹತ್ತಿರ ಹೋಗಿ ತೂತನ್ನು ಹುಡುಕಬೇಕು. ತೆಂಗಿನಕಾಯಿಗೆ ಗುಂಡು ತಗುಲಿದರೆ ಚಿಪ್ಪು ಸಿಡಿಯುತ್ತದೆ, ನೀರು ಚಿಮ್ಮುತ್ತದೆ. ನೆರೆದ ಜನಕ್ಕೆಲ್ಲ ಒಂದೇ ಕ್ಷಣದಲ್ಲಿ ತೀರ್ಪು ತಿಳಿಯುತ್ತದೆ. ತಕರಾರಿಗೆ ಎಡೆಯಿಲ್ಲ. ಇಂದಿನ ಈಡುಗಾರರು ತೂಗುಹಾಕುವ ಉಕ್ಕಿನ ಫಲಕದ ಉದ್ದೇಶವೂ ಇದೇ. ಫಲಕವಾದರೋ ಒಂದೇ ಏಟಿಗೆ ಒಡೆಯದೆ ಸಾವಿರಾರು ಏಟುಗಳನ್ನು ತಡೆಯುತ್ತದೆ, ಅಷ್ಟೇ ಭೇದ. ಆದರೆ ತೆಂಗಿನಕಾಯಿಯ ಒಂದು ಕೊರತೆಯನ್ನು ಒಪ್ಪಬೇಕು. ತಗುಲಿದುದನ್ನು ಅದು ಸಾರುತ್ತದೆ. ತಪ್ಪಿದ ಗುಂಡು ಎತ್ತ ಹೋಯಿತೆಂಬುದನ್ನು ಹೇಳದು.

ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಉಳಿದವರಿಗೆಲ್ಲ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಬೇಕೇ ಬೇಕು.

ಉಕ್ಕು ಹೇಳುವ ಮಾತು

ನೋಟಗಾರ ಓದಬೇಕಾದ ಗುರುತುಗಳು ಹಲವು. ಮೊದಲನೆಯದು ಫಲಕದ ಅಲುಗಾಟ. ಸರಪಳಿಯಲ್ಲಿ ತೂಗುಬಿಟ್ಟ ಫಲಕದ ನಡುವಿಗೆ ಏಟು ಬಿದ್ದರೆ ಅದು ನೆಟ್ಟಗೆ ಹಿಂದಕ್ಕೆ ತೂಗುತ್ತದೆ. ಎಡಗಡೆಯ ಅಂಚಿಗೆ ಬಿದ್ದರೆ ಎಡಗಡೆ ಹಿಂದಕ್ಕೆ ಸರಿದು ಫಲಕ ತಿರುಚಿಕೊಳ್ಳುತ್ತದೆ. ಬಲಗಡೆಗೆ ಬಿದ್ದರೆ ಬಲಗಡೆ. ಕೆಳ ಅಂಚಿಗೆ ಬಿದ್ದ ಏಟು ಹೆಚ್ಚು ತೂಗಿಸುತ್ತದೆ, ಮೇಲಂಚಿಗೆ ಬಿದ್ದುದು ಕಡಿಮೆ. ಕಲೆ ಕಾಣದಿದ್ದರೂ ಫಲಕದ ನಡವಳಿಕೆಯಿಂದಲೇ ಏಟಿನ ಜಾಗವನ್ನು ಊಹಿಸಬಹುದು. ಬಿಳಿಯ ಬಣ್ಣ ಹೊಸದಾಗಿ ಬಳಿದಿದ್ದರೆ ಮೊದಲ ಕೆಲವು ಏಟುಗಳ ಕಲೆ ಸ್ಪಷ್ಟ. ಕಲೆಗಳು ಹೆಚ್ಚಿದಂತೆ ಹೊಸದಾವುದು ಹಳೆಯದಾವುದು ತಿಳಿಯದು. ಸುಣ್ಣದ ಕುಂಚ ಹಿಡಿದ ವಿಂಬಲ್ಡನ್ನಿನ ಗುರುತುಗಾರನ ನೆನಪಾಗುವುದು ಆಗಲೇ.

ಎರಡನೆಯದು ಧೂಳು. ಫಲಕಕ್ಕೆ ತಗುಲದ ಗುಂಡು ನೆಲಕ್ಕೋ ಹಿಂದಿನ ದಿಬ್ಬಕ್ಕೋ ಬಡಿದಾಗ ಮಣ್ಣು ಚಿಮ್ಮುತ್ತದೆ. ಬಯಲುಸೀಮೆಯ ಒಣ ಕೆಮ್ಮಣ್ಣಿನಲ್ಲಿ ಇದು ಢಾಳಾಗಿ ಕಾಣುತ್ತದೆ. ಮಳೆಗಾಲದ ಮಲೆನಾಡಿನ ಹಸಿರು ಹುಲ್ಲಿನಲ್ಲಿ ಗುಂಡು ಗುರುತೇ ಬಿಡದೆ ಹೂತುಹೋಗುತ್ತದೆ. ಧೂಳನ್ನು ಓದುವಾಗ ಎರಡು ಎಚ್ಚರ ಬೇಕು. ಚಿಮ್ಮಿದ ಮೊದಲ ಕ್ಷಣದ ಜಾಗವೇ ನಿಜವಾದ ಜಾಗ. ಮರುಕ್ಷಣವೇ ಗಾಳಿ ಅದನ್ನು ಪಕ್ಕಕ್ಕೆ ಒಯ್ಯುತ್ತದೆ. ಎರಡನೆಯ ಎಚ್ಚರ ಇನ್ನೂ ಸೂಕ್ಷ್ಮ. ಒಂಬೈನೂರು ಮೀಟರಿನಲ್ಲಿ ಗುಂಡು ಇಳಿಜಾರಾಗಿ ಬರುತ್ತಿರುತ್ತದೆ. ಫಲಕದ ಮೇಲಂಚನ್ನು ಸವರಿಕೊಂಡು ಹೋದ ಗುಂಡು ಇಪ್ಪತ್ತು ಮೀಟರ್ ಹಿಂದಿನ ದಿಬ್ಬವನ್ನು ಮುಟ್ಟುವಷ್ಟರಲ್ಲಿ 30 ಸೆಂಟಿಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಆಗ ಧೂಳು ಏಳುವುದು ಫಲಕದ ಹಿಂದೆ, ಮರೆಯಲ್ಲಿ. ಅಪ್ಪಿತಪ್ಪಿ ಅದರ ಒಂದಿಷ್ಟು ಅಂಚು ಕಂಡರೂ ‘ಗುಂಡು ಕೆಳಗೆ ಬಿತ್ತು’ ಎಂದು ಮೋಸಹೋಗುವುದು ಸುಲಭ.

ಮೂರನೆಯದು ಎಲ್ಲಕ್ಕಿಂತ ಸೋಜಿಗದ್ದು, ಗುಂಡು ಗಾಳಿಯಲ್ಲಿ ಬಿಡುವ ಜಾಡು. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ಗಾಳಿಯನ್ನು ಒತ್ತಿ ಸೀಳುತ್ತದೆ. ಒತ್ತಿದ ಗಾಳಿಯಲ್ಲಿ ಬೆಳಕು ಬಾಗುತ್ತದೆ. ಈಡುಗಾರನ ಬೆನ್ನ ಹಿಂದೆ, ನಳಿಗೆಯ ನೇರಕ್ಕೆ ತುಸು ಮೇಲೆ ದುರ್ಬೀನಿಟ್ಟು ನೋಡುವವನಿಗೆ, ಕುದಿಯುವ ನೀರಿನ ಗೆರೆಯೊಂದು ಕಮಾನಿನಂತೆ ಏರಿ ಗುರಿಯತ್ತ ಇಳಿದಂತೆ ತೋರುತ್ತದೆ. ಗುಂಡು ಕಾಣುವುದಿಲ್ಲ, ಅದು ಕಲಕಿದ ಗಾಳಿ ಕಾಣುತ್ತದೆ. ದುರ್ಬೀನನ್ನು ಗುರಿಗಿಂತ ತುಸು ಹತ್ತಿರಕ್ಕೆ ಹೊಂದಿಸಿಕೊಂಡರೆ ಈ ಜಾಡು ಚೆನ್ನಾಗಿ ಸಿಕ್ಕುತ್ತದೆ. ಹೀಗೆ ಹೊಂದಿಸಿದಾಗಲೇ ಬಿಸಿಗಾಳಿಯ ಅಲೆಗಳು ಯಾವ ಕಡೆಗೆ ಹರಿಯುತ್ತಿವೆ ಎಂಬುದೂ ಕಾಣುತ್ತದೆ. ಗುರಿಯನ್ನು ಮಸುಕಾಗಿಸಿದ ಬಿಸಿಲೇ ಗಾಳಿಯ ದಿಕ್ಕನ್ನು ತೋರಿಸಿಕೊಡುತ್ತದೆ.

ನಾಲ್ಕನೆಯದು ಸದ್ದು. ಉಕ್ಕಿಗೆ ಏಟು ಬಿದ್ದರೆ ಗಂಟೆಯಂಥ ನಾದ ಹೊರಡುತ್ತದೆ. ಆದರೆ ಆ ನಾದ ಒಂಬೈನೂರು ಮೀಟರ್ ಹಿಂದಕ್ಕೆ ಬರಲು ಎರಡೂವರೆ ಸೆಕೆಂಡಿಗೂ ಮೇಲಾಗುತ್ತದೆ. ಕುದುರೆ ಎಳೆದ ಕ್ಷಣದಿಂದ ಎಣಿಸಿದರೆ ನಾಲ್ಕು ಸೆಕೆಂಡು ದಾಟಿದ ಮೇಲೆ ಕಿವಿಗೆ ಸುದ್ದಿ. ಎದುರುಗಾಳಿ, ವಾಹನಗಳ ಸದ್ದು, ಪಕ್ಕದ ಕೋವಿಯ ಆರ್ಭಟ ಇವುಗಳಲ್ಲಿ ಅದು ಕೇಳದೆಯೂ ಹೋದೀತು. ಕೇಳಿದರೂ ತಗುಲಿತೆಂಬುದಷ್ಟನ್ನೇ ಅದು ಹೇಳುತ್ತದೆ. ಎಲ್ಲಿ ಎಂಬುದನ್ನು ಹೇಳದು.

ದ್ರೋಣರು ಕೈಬಿಟ್ಟ ಶಿಷ್ಯರು

ದ್ರೋಣಾಚಾರ್ಯರ ಪರೀಕ್ಷೆಯ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. ಮರದ ಮೇಲಿನ ಹಕ್ಕಿಗೆ ಗುರಿಯಿಟ್ಟು ನಿಂತವರನ್ನು ಗುರುಗಳು ‘ಏನು ಕಾಣುತ್ತದೆ?’ ಎಂದು ಕೇಳಿದರು. ಮರ, ಕೊಂಬೆ, ಎಲೆ, ನೀವು, ತಮ್ಮಂದಿರು ಎಲ್ಲವೂ ಕಾಣುತ್ತವೆ ಎಂದವರಿಗೆ ಬಿಲ್ಲು ಕೆಳಗಿಡುವ ಅಪ್ಪಣೆಯಾಯಿತು. ಹಕ್ಕಿಯ ಕಣ್ಣೊಂದೇ ಕಾಣುತ್ತದೆ ಎಂದ ಅರ್ಜುನ ಗೆದ್ದ.

ಹೊಡೆಯುವವನಿಗೆ ಅರ್ಜುನನ ದೃಷ್ಟಿಯೇ ಸರಿ. ಆದರೆ ಅವನ ಪಕ್ಕದಲ್ಲಿ ಕುಳಿತ ನೋಟಗಾರನೂ ಹಕ್ಕಿಯ ಕಣ್ಣೊಂದನ್ನೇ ನೋಡುತ್ತಿದ್ದರೆ ಕೆಟ್ಟಿತು! ಅವನಿಗೆ ಮರವೂ ಕಾಣಬೇಕು, ಕೊಂಬೆಯೂ ಕಾಣಬೇಕು. ಎಲೆ ಯಾವ ಕಡೆಗೆ ಅಲುಗುತ್ತಿದೆ, ಹುಲ್ಲು ಎತ್ತ ಬಾಗಿದೆ, ಧೂಳು ಎಲ್ಲಿ ಎದ್ದಿತು ಎಲ್ಲವೂ ಕಾಣಬೇಕು. ದ್ರೋಣರು ಕೈಬಿಟ್ಟ ಶಿಷ್ಯರೆಲ್ಲ ಈ ಕೆಲಸಕ್ಕೆ ಉತ್ತಮ ಅಭ್ಯರ್ಥಿಗಳೇ ಆಗಿದ್ದರು.

ನೋಡಿದುದನ್ನು ಹೇಳುವುದಕ್ಕೂ ಒಂದು ಕ್ರಮವುಂಟು. ಗುರಿಯನ್ನು ಗಡಿಯಾರದ ಮುಖವೆಂದು ಭಾವಿಸಿ ‘ಮೂರು ಗಂಟೆಯ ಕಡೆ’ ಎಂದರೆ ನೆಟ್ಟಗೆ ಬಲಕ್ಕೆ, ‘ಆರು ಗಂಟೆ’ ಎಂದರೆ ನೆಟ್ಟಗೆ ಕೆಳಕ್ಕೆ. ಎಷ್ಟು ದೂರ ಎಂಬುದಕ್ಕೆ ಗುರಿಗನ್ನಡಿಯೊಳಗೆ ಕೊರೆದ ಗೆರೆಗಳೇ ಅಳತೆಗೋಲು. ಗೆರೆಯಿಂದ ಗೆರೆಗೆ ಇರುವ ಅಂತರ ಸಾಮಾನ್ಯವಾಗಿ ದೂರದ ಸಾವಿರದಲ್ಲೊಂದು ಪಾಲು. ಎಂದರೆ ಒಂಬೈನೂರು ಮೀಟರಿನಲ್ಲಿ ತೊಂಬತ್ತು ಸೆಂಟಿಮೀಟರ್. ನೋಟಗಾರ ‘ಬಲಕ್ಕೆ ಅರ್ಧ ಗೆರೆ’ ಎಂದರೆ ಈಡುಗಾರ ಅರ್ಧ ಗೆರೆ ಎಡಕ್ಕೆ ಹಿಡಿದರಾಯಿತು. ಅಂಗುಲ, ಅಡಿಗಳ ಲೆಕ್ಕ ಬೇಕಿಲ್ಲ.

ಕಲಿಯಲು ಎಲ್ಲಕ್ಕಿಂತ ಕಷ್ಟವಾದುದು ‘ಕಾಣಲಿಲ್ಲ’ ಎಂಬ ಒಂದು ಮಾತು. ಗೆಳೆಯ ಹೊಡೆದು ಕಾತರದಿಂದ ಕಿವಿಗೊಟ್ಟಿರುವಾಗ, ‘ಎಡಕ್ಕೆ ಹೋದಂತಿತ್ತು’ ಎಂದು ಏನಾದರೊಂದನ್ನು ಹೇಳಿಬಿಡುವ ಮೋಹ ಯಾರಿಗೂ ಬರುತ್ತದೆ. ಆ ಊಹೆಯನ್ನು ನಂಬಿ ಅವನು ಗುರಿಯನ್ನು ಬಲಕ್ಕೆ ತಿರುಗಿಸುತ್ತಾನೆ. ಗುಂಡು ನಿಜವಾಗಿ ಬಲಕ್ಕೇ ಹೋಗಿದ್ದರೆ ಈಗ ತಪ್ಪು ಇಮ್ಮಡಿಯಾಯಿತು. ಮುಂದಿನ ಗುಂಡು ಧೂಳಿಗೂ ಸಿಕ್ಕದಷ್ಟು ದೂರಕ್ಕೆ ಹೋಯಿತು. ‘ಕಾಣಲಿಲ್ಲ’ ಎಂದಿದ್ದರೆ ಅವನು ಹಿಡಿತ ಬದಲಿಸದೆ ಅದೇ ಜಾಗಕ್ಕೆ ಇನ್ನೊಂದು ಗುಂಡು ಹೊಡೆಯುತ್ತಿದ್ದ, ಇವನಿಗೆ ಇನ್ನೊಮ್ಮೆ ನೋಡುವ ಅವಕಾಶ ಸಿಗುತ್ತಿತ್ತು. ತಪ್ಪಿದುದು ಕಂಡರೆ ಅದರಿಂದ ಪಾಠವುಂಟು. ತಗುಲಿದುದೇ ಆದರೂ ಕಾಣದಿದ್ದರೆ ಅದರಿಂದ ಕಲಿಯುವುದೇನೂ ಇಲ್ಲ. ಕಾಣದುದನ್ನು ಕಂಡೆನೆಂದು ಹೇಳಿದರೆ ನಷ್ಟವೇ ಉಂಟು.

ಯಂತ್ರದ ಕಣ್ಣು

ಇಂದಿನ ಪಂದ್ಯಗಳಲ್ಲಿ ಈ ಹೊಣೆಯನ್ನು ಯಂತ್ರಗಳು ಹೊತ್ತಿವೆ. ಗುರಿಯ ಸುತ್ತ ಅಡಗಿಸಿದ ಧ್ವನಿಗ್ರಾಹಕಗಳು ಗುಂಡಿನ ಸದ್ದು ತಮ್ಮನ್ನು ತಲುಪಿದ ಕಾಲದ ವ್ಯತ್ಯಾಸದಿಂದ ಅದು ಹಾದುಹೋದ ಜಾಗವನ್ನು ಲೆಕ್ಕಹಾಕುತ್ತವೆ. ಹೊಡೆದವನ ಪಕ್ಕದ ಪುಟ್ಟ ಪರದೆಯ ಮೇಲೆ ಚುಕ್ಕೆ ಮೂಡುತ್ತದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳ 10 ಮೀಟರ್ ಏರ್ ಪಿಸ್ತೂಲ್ ಪಂದ್ಯದಲ್ಲಿ ಬೆಳ್ಳಿ ಗೆದ್ದ ಕಾಲಕ್ಕೆ ಕಾಗದದ ತೂತನ್ನು ಹುಡುಕುವ ಪದ್ಧತಿ ದೊಡ್ಡ ಪಂದ್ಯಗಳಿಂದ ಮರೆಯಾಗಿತ್ತು. ದೂರದ ಉಕ್ಕಿನ ಫಲಕಗಳಿಗೂ ಏಟಿನ ಅದುರಿಗೆ ಮಿನುಗುವ ದೀಪಗಳು ಬಂದಿವೆ. ಗುರಿಯ ಬಳಿ ಕ್ಯಾಮೆರಾ ಇಟ್ಟು ಕೈಯಲ್ಲಿನ ಫೋನಿನಲ್ಲಿ ನೋಡುವುದೂ ಉಂಟು.

ಆದರೂ ಮಿಲ್ನರನ ಗ್ರಹಚಾರ ಪೂರ್ತಿ ನೀಗಿಲ್ಲ. ಅವನ ಬಳಿಕ ನೂರಮೂವತ್ತು ವರ್ಷಕ್ಕೆ, 2004ರ ಅಥೆನ್ಸ್ ಒಲಿಂಪಿಕ್ಸಿನ ರೈಫಲ್ ಪಂದ್ಯದಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ ಕೊನೆಯ ಗುಂಡಿಗೆ ಮುನ್ನ ಎಲ್ಲರಿಗಿಂತ ಮುಂದಿದ್ದರು. ಸಾಧಾರಣವಾದೊಂದು ಏಟು ಸಾಕಾಗಿತ್ತು. ಅವರು ಹೊಡೆದರು, ಪರದೆಯ ಮೇಲೆ ಚುಕ್ಕೆ ಮೂಡಲಿಲ್ಲ. ಅವರ ಗುಂಡು ತಗುಲಿದ್ದು ಪಕ್ಕದವರ ಗುರಿಗೆ! ಚಿನ್ನ ಚೀನದ ಜಿಯಾ ಝಾನ್ಬೋ ಪಾಲಾಯಿತು. ಎಮನ್ಸ್ ಎಂಟನೆಯ ಸ್ಥಾನಕ್ಕಿಳಿದರು.

ಆಟದಲ್ಲಿ ಹೋಗುವುದು ಪದಕ. ಯುದ್ಧದಲ್ಲಿ ಹೋಗುವುದು ಪ್ರಾಣ. 1999ರ ಕಾರ್ಗಿಲ್ ಸಮರದಲ್ಲಿ ಬೆಟ್ಟದಾಚೆಯಿಂದ ಬರುವ ಫಿರಂಗಿ ಗುಂಡುಗಳು ಎಲ್ಲಿಂದ ಹೊರಟವೆಂದು ಪತ್ತೆಹಚ್ಚುವ ತಕ್ಕ ರೇಡಾರುಗಳು ನಮ್ಮ ಸೇನೆಯ ಬಳಿ ಇರಲಿಲ್ಲ. ಆ ಕೊರತೆಯನ್ನು ನೀಗಿದ ‘ಸ್ವಾತಿ’ ರೇಡಾರಿನ ವಿನ್ಯಾಸ ಬೆಂಗಳೂರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದ್ದು. ತಯಾರಿಕೆ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯದು. 1954ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಜಾಲಹಳ್ಳಿಯ ಕಾರ್ಖಾನೆ ನಂದಿನಿ ಲೇಔಟಿನಿಂದ ಕೆಲವೇ ಕಿಲೋಮೀಟರ್ ದೂರ. 2017ರಲ್ಲಿ ಸೇನೆಗೆ ಹಸ್ತಾಂತರವಾದ ಈ ರೇಡಾರು ಶತ್ರುವಿನ ಫಿರಂಗಿಯ ನೆಲೆಯನ್ನು ಹೇಳುವುದಲ್ಲದೆ, ನಮ್ಮವರು ಹಾರಿಸಿದ ಗುಂಡು ಎಲ್ಲಿ ಬೀಳುತ್ತದೆಂಬುದನ್ನೂ ಲೆಕ್ಕಹಾಕಿ ಗುರಿಯನ್ನು ತಿದ್ದಲು ನೆರವಾಗುತ್ತದೆ. ದುರ್ಬೀನು ಹಿಡಿದ ನೋಟಗಾರನ ಕೆಲಸವೇ ಇದು. ದೂರ ಮಾತ್ರ ಹತ್ತಾರು ಕಿಲೋಮೀಟರ್.

ಕಾಣದ ಗುಂಡಿನ ಅಪಾಯ

ಉಕ್ಕಿನ ಗುರಿಗೆ ಹೊಡೆಯುವವರು ಅರಿತಿರಬೇಕಾದ ಇನ್ನೊಂದು ಸಂಗತಿಯುಂಟು. ಗಟ್ಟಿಯಾದ, ನುಣುಪಾದ ಉಕ್ಕಿಗೆ ತಗುಲಿದ ಗುಂಡು ಪುಡಿಪುಡಿಯಾಗಿ ಫಲಕದ ಮೈಗುಂಟ ಸುತ್ತಲೂ ಚೆದುರುತ್ತದೆ. ಫಲಕವನ್ನು ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದರೆ ಈ ಚೂರುಗಳು ನೆಲದತ್ತ ಹೋಗುತ್ತವೆ. ಮೆದುವಾದ ಕಬ್ಬಿಣವಾದರೆ ಕುಳಿಬೀಳುತ್ತದೆ. ಬಟ್ಟಲಿನಂಥ ಆ ಕುಳಿ ಮುಂದಿನ ಗುಂಡಿನ ಚೂರನ್ನು ಹೊಡೆದವನತ್ತಲೇ ಹಿಂದಿರುಗಿಸಿ ಎಸೆಯಬಲ್ಲದು. ಕುಳಿಬಿದ್ದ ಫಲಕವನ್ನು ಕೂಡಲೇ ತೆಗೆದುಹಾಕಬೇಕೆಂಬ ನಿಯಮ ಬಂದಿರುವುದು ಇದಕ್ಕಾಗಿ.

ಗುರಿಯ ಹಿಂದೆ ಎತ್ತರವಾದ ಮಣ್ಣಿನ ದಿಬ್ಬ ಇರಬೇಕೆಂಬುದೂ ಅಷ್ಟೇ ಕಟ್ಟುನಿಟ್ಟು. ರೈಫಲಿನ ಗುಂಡನ್ನು ಯಾವುದೂ ತಡೆಯದಿದ್ದರೆ ಅದು ಮೂರು ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ನಂದಿನಿ ಲೇಔಟಿನ ಸುತ್ತ ಮೂರು ಕಿಲೋಮೀಟರ್ ಎಂದರೆ ಲಗ್ಗೆರೆ, ಮಹಾಲಕ್ಷ್ಮಿ ಲೇಔಟ್, ಪೀಣ್ಯದ ಕಾರ್ಖಾನೆಗಳ ಒಂದು ಪಾಲು, ಅವುಗಳ ನಡುವಿನ ಲೆಕ್ಕವಿಲ್ಲದಷ್ಟು ಮನೆಗಳು, ಶಾಲೆಗಳು. ಮದುವೆಯ ಸಂಭ್ರಮದಲ್ಲಿ ಆಕಾಶಕ್ಕೆ ಗುಂಡು ಹಾರಿಸುವವನಿಗೆ ಅದು ಎಲ್ಲಿ ಬಿತ್ತೆಂಬುದು ಗೊತ್ತಾಗುವುದಿಲ್ಲ. ಆದರೆ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ. ಉತ್ತರ ಭಾರತದಲ್ಲಿ ಇಂಥ ಗುಂಡಿಗೆ ಬಲಿಯಾದವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದುದುಂಟು. ಪ್ರಾಣಕ್ಕೆ ಅಪಾಯ ತರುವ ಇಂಥ ಸಂಭ್ರಮದ ಗುಂಡಿಗೆ 2019ರ ಆಯುಧ ಕಾಯಿದೆಯ ತಿದ್ದುಪಡಿ ಎರಡು ವರ್ಷದವರೆಗೆ ಸೆರೆವಾಸವನ್ನೋ, ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೋ, ಎರಡನ್ನೂ ಸೇರಿಸಿಯೋ ವಿಧಿಸಿದೆ.

ಕಣ್ಣಿನ ಸಾಕ್ಷಿಯಿಲ್ಲದೆ ಹೊಡೆಯುವುದರ ಫಲವೇನೆಂಬುದನ್ನು ನಮ್ಮ ಪುರಾಣ ಎಂದೋ ಹೇಳಿದೆ. ದಶರಥ ಮಹಾರಾಜ ಶಬ್ದವೇಧಿಯಲ್ಲಿ ನಿಪುಣ. ಕತ್ತಲಲ್ಲಿ ಸರಯೂ ನದಿಯ ಕಡೆಯಿಂದ ಬುಳುಬುಳು ಸದ್ದು ಕೇಳಿದಾಗ ಆನೆ ನೀರು ಕುಡಿಯುತ್ತಿದೆಯೆಂದು ಬಾಣ ಬಿಟ್ಟ. ಬಾಣ ಗುರಿ ತಪ್ಪಲಿಲ್ಲ. ಅದು ತಗುಲಿದ್ದು ಕುರುಡರಾದ ತಂದೆ ತಾಯಿಗಳಿಗಾಗಿ ಕೊಡದಲ್ಲಿ ನೀರು ತುಂಬುತ್ತಿದ್ದ ಶ್ರವಣಕುಮಾರನಿಗೆ. ಅವನ ಬಿಲ್ಲುವಿದ್ಯೆಯಲ್ಲಿ ಲೋಪವಿರಲಿಲ್ಲ. ಇದ್ದ ಲೋಪ ನೋಡದೆ ಹೊಡೆದುದರಲ್ಲಿ.

ಗುರಿಯಿಡುವುದಕ್ಕೆ ಮುನ್ನ ಏನನ್ನು ಹೊಡೆಯುತ್ತಿದ್ದೇನೆಂದು ನೋಡುವುದು, ಹೊಡೆದ ಮೇಲೆ ಎಲ್ಲಿ ಬಿತ್ತೆಂದು ನೋಡುವುದು, ಕಂಡುದನ್ನು ಕಂಡಂತೆಯೇ ಹೇಳುವುದು ಇವು ಮೂರೂ ಒಂದೇ ವಿದ್ಯೆಯ ಭಾಗಗಳು. ಗುಂಡು ನಳಿಗೆಯನ್ನು ಬಿಟ್ಟಿತೆಂಬಲ್ಲಿಗೆ ಹೊಡೆದವನ ಹೊಣೆ ಮುಗಿಯುವುದಿಲ್ಲ. ಅದು ಎಲ್ಲಿ ನಿಂತಿತೆಂದು ಅವನು ಹೇಳಬಲ್ಲವನಾದಾಗ ಮಾತ್ರ ಮುಗಿಯುತ್ತದೆ.